ಮನೆಯ ಮಾತು: ಒಲೆಯಿಲ್ಲದ ಅಡುಗೆ, ಹೆಸರಿಲ್ಲದ ಡಬ್ಬಿ

ಪ್ರಿಯ ವಾಚಕ ಸೋದರಿಯರೆ, ಅವರ ಹೆಗಲ ಹಿಂದಿನಿಂದ ಇಣುಕಿ ಓದುವ ಸೋದರರೆ,

ಈ ಅಂಕಣಕ್ಕೆ ಬರುವ ಪತ್ರಗಳನ್ನು ನಾವು ಎರಡು ಕಟ್ಟುಗಳಾಗಿ ವಿಂಗಡಿಸಿ ಇಡುವುದು ವಾಡಿಕೆ. ಒಂದು ಕಟ್ಟು ಅಡುಗೆಮನೆಯದು. ಬೆಳಗಿನ ಲೋಕಲ್ ಗಾಡಿ ತಪ್ಪದ ಹಾಗೆ ಆಗುವ ತಿಂಡಿ ಯಾವುದು, ಡಬ್ಬಿಗೆ ಹಾಕಿದರೆ ಮಧ್ಯಾಹ್ನಕ್ಕೆ ಹಳಸದ ಪಲ್ಯ ಯಾವುದು ಎಂಬಂಥ ಪ್ರಶ್ನೆಗಳು. ಇನ್ನೊಂದು ಕಟ್ಟು ಕನ್ನಡಿಯದು. ಅಂಗಡಿಗೆ ಹೊಸದಾಗಿ ಬಂದಿರುವ ಇಂಥ ಕ್ರೀಮನ್ನು ಹಚ್ಚಬಹುದೇ, ಅಂಥ ಎಣ್ಣೆಯಿಂದ ಕೂದಲು ನಿಲ್ಲುವುದೇ ಎಂಬಂಥವು. ಬೇರೆ ಬೇರೆ ವಿಷಯದ ಕಾಗದಗಳನ್ನು ಒಂದೇ ಫೈಲಿಗೆ ಸೇರಿಸಬಾರದೆಂಬುದು ಸರ್ಕಾರಿ ಕಚೇರಿಯ ಗುಮಾಸ್ತಗಿರಿಯಲ್ಲಿ ನಾವು ಕಲಿತ ಮೊದಲ ಪಾಠ. ಆದರೂ ಈ ಸಂಚಿಕೆಯಲ್ಲಿ ಎರಡು ಕಟ್ಟುಗಳನ್ನೂ ಒಂದೇ ದಾರದಲ್ಲಿ ಕಟ್ಟುತ್ತಿದ್ದೇವೆ. ಅದಕ್ಕೆ ಕಾರಣವುಂಟು, ತುಸು ತಾಳ್ಮೆಯಿಂದ ಮುಂದೆ ಓದಿರಿ.

ನಮ್ಮ ಹೆಣ್ಣುಮಕ್ಕಳ ಜಾಣತನವನ್ನು ನೋಡಬೇಕಾದರೆ ಮಾಟುಂಗದ ಮಾರುಕಟ್ಟೆಯಲ್ಲಿ ನೋಡಬೇಕು. ತೊಗರಿಬೇಳೆಯನ್ನು ಅಂಗೈಯಲ್ಲಿ ಹರಡಿ ಬಣ್ಣ ನೋಡುತ್ತಾರೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿ ನೀರಿನ ಸದ್ದು ಕೇಳುತ್ತಾರೆ. ಬೆಂಡೆಕಾಯಿಯ ತುದಿ ಮುರಿದು ನೋಡಿ ತರಕಾರಿಯವನಿಂದ ಬೈಸಿಕೊಳ್ಳುತ್ತಾರೆ. ಆರು ಜನ ತಿಂದು ಮರೆತುಬಿಡುವ ಹುಳಿಗೆ ಇಷ್ಟು ವಿಚಾರಣೆ! ಆದರೆ ಜನ್ಮವೆಲ್ಲ ಹೊತ್ತು ತಿರುಗಬೇಕಾದ ಮುಖಕ್ಕೆ ಹಚ್ಚುವ ಪದಾರ್ಥವನ್ನು ಕೊಳ್ಳುವಾಗ ಇದೇ ಜಾಣೆಯರಲ್ಲಿ ಹಲವರು ಮುಚ್ಚಳದ ಮೇಲಿನ ಚಿತ್ರವನ್ನು ನೋಡಿ ಹಣ ಎಣಿಸುತ್ತಾರೆ. ಚಿತ್ರದಲ್ಲಿರುವಾಕೆ ಆ ಕ್ರೀಮನ್ನು ಹಚ್ಚಿದ್ದಳೇ ಎಂದು ಕೇಳುವವರಿಲ್ಲ.

ಹೊಸ ಸಾಮಾನಿನ ಮೇಲಿನ ಈ ಮೋಹವೇನೂ ಇಂದಿನದಲ್ಲ. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧದ ರಫ್ತು ಕುಂಠಿತವಾದಾಗ ಮೈಸೂರು ಸಂಸ್ಥಾನದವರು ೧೯೧೬ರಲ್ಲಿ ಗಂಧದೆಣ್ಣೆ ತೆಗೆಯುವ ಕಾರ್ಖಾನೆಯನ್ನು ಹೂಡಿದರು. ೧೯೧೮ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಹೊರಬಂತು. ಅದರ ಮರುವರ್ಷ ಈ ಮುಂಬಯಿಯಲ್ಲೇ ಅಫ್ಘಾನ್ ಸ್ನೋ ಹುಟ್ಟಿತು. ನಮ್ಮ ಅಜ್ಜಿಯರ ಕಾಲದ ಮದುವಣಗಿತ್ತಿಯರಿಗೆ ಅದರ ಸೀಸೆಯೇ ಒಂದು ಒಡವೆ. ೧೯೫೨ರಲ್ಲಿ ಲ್ಯಾಕ್ಮೆ ಬಂತು. ಲಕ್ಷ್ಮಿಯ ಹೆಸರೇ ಫ್ರೆಂಚ್ ನಾಲಗೆಯ ಮೇಲೆ ಹಾಗಾಯಿತಂತೆ. ೧೯೭೫ರಲ್ಲಿ ಬಿಳುಪು ಮಾಡುವೆನೆಂದು ಹೇಳಿಕೊಳ್ಳುತ್ತ ಫೇರ್ ಅಂಡ್ ಲವ್ಲಿ ಬಂದು, ೨೦೨೦ರಲ್ಲಿ ಲೋಕದ ಟೀಕೆಗೆ ಮಣಿದು ಹೆಸರಿನಿಂದ ‘ಫೇರ್’ ಎಂಬುದನ್ನು ತೆಗೆದು ‘ಗ್ಲೋ’ ಎಂದು ಬದಲಾಯಿಸಿಕೊಂಡಿತು. ಇವೆಲ್ಲವೂ ಒಂದು ಕಾಲಕ್ಕೆ ಹೊಸವೇ. ಹೊಸದನ್ನು ಹಚ್ಚಿ ನೋಡುವ ಆಸೆ ತಪ್ಪೆಂದು ನಾವು ಹೇಳುವುದಿಲ್ಲ. ತುಟ್ಟಿಭತ್ಯ ಏರಿದ ತಿಂಗಳು ಒಂದು ಸಣ್ಣ ಸೀಸೆ ಮನೆಗೆ ಬಂದರೆ ಸಂಸಾರ ಮುಳುಗುವುದಿಲ್ಲ. ಮುಖಕ್ಕೂ ಮನಸ್ಸಿಗೂ ಗೆಲುವು ಬರುತ್ತದೆ.

ಈಗ ಕಾರಣಕ್ಕೆ ಬರೋಣ.

ನಮ್ಮ ಕಚೇರಿಯ ಟಪಾಲು ವಿಭಾಗದಲ್ಲಿ ಧಾರವಾಡದ ಕಡೆಯ ಒಬ್ಬ ತರುಣಿ ಇದ್ದಾಳೆ. ಬುದ್ಧಿವಂತೆ, ನಗುಮುಖದವಳು, ಒಂದು ಕಾಗದ ಕಳೆದರೆ ಮೂರು ಕಪಾಟು ಹುಡುಕಿ ತಂದುಕೊಡುವವಳು. ಎರಡು ವರ್ಷದ ಹಿಂದೆ ಅವಳನ್ನು ನೋಡಲು ಒಬ್ಬ ವರನ ಕಡೆಯವರು ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, “ಎಲ್ಲಾ ಛಲೋ ಅದ, ಬಣ್ಣ ಒಂದ್ ಸ್ವಲ್ಪ ಕಡಿಮಿ” ಎಂದು ಹೇಳಿ ಹೋದರು. ಹೇಳಿದವರು ಮರೆತರು, ಕೇಳಿದವಳಿಗೆ ಮರೆಯಲಿಲ್ಲ. ಲೋಕಲ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಕ್ಲಿಪ್ಪು, ಓಲೆ, ಉಗುರುಬಣ್ಣ ಮಾರಲು ಬರುವುದುಂಟಷ್ಟೆ. ಅಲ್ಲಿ ಪರಿಚಯವಾದ ಯಾರೋ ಒಂದು ಪುಟ್ಟ ಬಿಳಿಯ ಡಬ್ಬಿಯನ್ನು ಕೊಟ್ಟರು. ಅದರ ಮೇಲೆ ತಯಾರಿಸಿದವರ ಹೆಸರಿಲ್ಲ, ಊರಿಲ್ಲ, ಒಳಗೇನಿದೆಯೆಂಬ ಪಟ್ಟಿಯಿಲ್ಲ.

ಹತ್ತು ಹದಿನೈದು ದಿನದಲ್ಲಿ ಹುಡುಗಿಯ ಮುಖ ತಿಳಿಯಾಯಿತು. ವಿಭಾಗದ ಹೆಂಗಸರಲ್ಲಿ ನಾಲ್ಕಾರು ಮಂದಿ ಡಬ್ಬಿಯ ವಿಳಾಸ ಕೇಳಿದರು. ಮೂರನೆಯ ತಿಂಗಳಿಗೆ ಕೆನ್ನೆಯ ಮೇಲೆ ಕೆಂಪು ಗೆರೆಗಳು, ಗಲ್ಲದ ಮೇಲೆ ಗುಳ್ಳೆಗಳು, ಕಿವಿಯ ಪಕ್ಕದಲ್ಲಿ ಹೊಸದಾಗಿ ನವಿರು ಕೂದಲು. ಡಬ್ಬಿ ಬಿಟ್ಟರೆ ಮುಖವೆಲ್ಲ ಉರಿ. ಹಚ್ಚಿದರೆ ಮಾತ್ರ ಶಾಂತಿ. ಒಂದು ದಿನ ಊಟದ ವೇಳೆಯಲ್ಲಿ ನಮ್ಮ ಬಳಿ ಕುಳಿತು, “ಅಕ್ಕಾರ, ಏನ್ ಮಾಡ್ಲಿ? ಒಲಿ ಮುಂದ ನಿಂತ್ರ ಮಾರಿ ಬೆಂಕಿ ಹತ್ತಿದಂಗ ಉರೀತದ. ಒಂದ್ ಚಾ ಕಾಸ್ಲಿಕ್ಕೂ ಆಗವಲ್ದು” ಎಂದಳು. ಅವಳ ಡಬ್ಬಿಯಲ್ಲಿ ಎರಡು ಬಿಸ್ಕತ್ತಿದ್ದವು.

ಚರ್ಮವೈದ್ಯರು ನೋಡಿದ ಕೂಡಲೆ ಹೇಳಿದರು: ಇದು ಸ್ಟೀರಾಯ್ಡಿನ ಪ್ರತಾಪ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಮುಂತಾದ ಹೆಸರಿನ ಈ ಔಷಧಿಗಳು ಕೆಟ್ಟವಲ್ಲ. ಇಸುಬು ಮೊದಲಾದ ಕಾಯಿಲೆಗಳಿಗೆ ವೈದ್ಯರು ಇಷ್ಟು ದಿನ, ಇಷ್ಟೇ ಜಾಗಕ್ಕೆ ಎಂದು ಅಳೆದು ಬರೆದುಕೊಡುವ ಮದ್ದು ಇವು. ಇವನ್ನು ಮುಖಕ್ಕೆ ತಿಂಗಳುಗಟ್ಟಲೆ ಬಳಿದರೆ ಮೊದಲು ಬಣ್ಣ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ ಒಳಗಿನ ರಕ್ತನಾಳಗಳು ಗೆರೆಯಾಗಿ ಹೊರಗೆ ತೋರುತ್ತವೆ. ಬಿಸಿಲನ್ನೂ ಬೆಂಕಿಯ ಝಳವನ್ನೂ ತಡೆಯುವ ಶಕ್ತಿ ಹೋಗುತ್ತದೆ. ಭಾರತ ಸರ್ಕಾರವು ೨೦೧೮ರಲ್ಲಿ ಇಂಥ ೧೪ ಲೇಪನದ ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ‘ಎಚ್’ ಪಟ್ಟಿಗೆ ಸೇರಿಸಿತು. ಕಾಯಿದೆ ಕಾಗದದ ಮೇಲಿದೆ. ಹೆಸರಿಲ್ಲದ ಡಬ್ಬಿಗೆ ಕಾಗದವೇ ಇಲ್ಲ. ಹೀಗೆ ಸಿಕ್ಕಿಕೊಂಡವರು ಒಮ್ಮೆಗೇ ಕ್ರೀಮನ್ನು ಎಸೆದು ಕೂರದೆ ವೈದ್ಯರ ಬಳಿ ಹೋಗಬೇಕು. ಎಷ್ಟೋ ವೇಳೆ ಅವರು ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಬಿಡಿಸುತ್ತಾರೆ. ಗುಣವಾಗಲು ತಿಂಗಳುಗಳೇ ಬೇಕು.

ಆ ತಿಂಗಳುಗಳಲ್ಲಿ ಹುಡುಗಿಗೆ ಊಟ? ಬಾಡಿಗೆಯ ಒಂದು ಕೋಣೆ, ಜತೆಗೆ ಯಾರೂ ಇಲ್ಲ. ದಿನವೂ ಹೋಟೆಲಿಗೆ ಹೋಗಲು ಟಪಾಲು ವಿಭಾಗದ ಸಂಬಳ ಸಾಲದು. ಆಗ ನಮ್ಮ ಮಧ್ಯಾಹ್ನದ ಪಂಕ್ತಿಯ ಐವರು ಸರದಿಯ ಮೇಲೆ ಒಂದೊಂದು ಡಬ್ಬಿ ಹೆಚ್ಚು ತಂದೆವು. ರಾತ್ರಿಯ ಊಟಕ್ಕೆ ಒಲೆ ಹಚ್ಚದೆ ತಾನೇ ಮಾಡಿಕೊಳ್ಳಬಹುದಾದ ಅಡುಗೆಗಳ ಒಂದು ಪಟ್ಟಿಯನ್ನು ಬರೆದುಕೊಟ್ಟೆವು. ಆ ಪಟ್ಟಿ ಬೇಸಿಗೆಯ ಮುಂಬಯಿಯಲ್ಲಿ ಬೆವರುವ ಯಾರಿಗಾದರೂ ಒದಗುವಂಥದು. ಅನಿಲದ ಸಿಲಿಂಡರು ಮುಗಿದ ರಾತ್ರಿಗೂ ಆದೀತು. ಆದಕಾರಣ ಇಲ್ಲಿ ಕೊಡುತ್ತೇವೆ.

ಶುಂಠಿಯ ತಂಬುಳಿ: ಎರಡು ಹೆಬ್ಬೆರಳ ಗೆಣ್ಣಿನಷ್ಟು ಹಸಿಶುಂಠಿ, ಮೂರು ದೊಡ್ಡ ಚಮಚೆ ತೆಂಗಿನ ತುರಿ, ಒಂದು ಹಸಿಮೆಣಸಿನಕಾಯಿ, ಉಪ್ಪು. ನುಣ್ಣಗೆ ಅರೆದು ಎರಡು ಲೋಟ ಮಜ್ಜಿಗೆಯಲ್ಲಿ ಕಲಸಿದರೆ ಆಯಿತು. ಒಗ್ಗರಣೆ ಇದ್ದರೆ ಸೊಗಸು, ಇಲ್ಲದಿದ್ದರೆ ನಷ್ಟವಿಲ್ಲ. ಶುಂಠಿಯ ಬದಲು ಎರಡು ನೆಲ್ಲಿಕಾಯಿ ಹಾಕಿದರೆ ನೆಲ್ಲಿಕಾಯಿ ತಂಬುಳಿ. ನಾವು ಮಲೆನಾಡಿನ ಕಡೆಯವರಾದ್ದರಿಂದ ಅನ್ನಕ್ಕೆ ಇದೊಂದಿದ್ದರೆ ಸಾಕು ಎನ್ನುತ್ತೇವೆ. ಧಾರವಾಡದ ಹುಡುಗಿ ಮೊದಲ ದಿನ, “ಇದು ಮಜ್ಜಿಗಿ ಅಲ್ಲೇನ್ರಿ ಅಕ್ಕಾರ?” ಎಂದಳು. ಎರಡನೆಯ ವಾರ ತಾನೇ ಕೇಳಿ ಬರೆದುಕೊಂಡಳು.

ಹೆಸರುಬೇಳೆ ಕೋಸಂಬರಿ: ಅರ್ಧ ಬಟ್ಟಲು ಬೇಳೆಯನ್ನು ಒಂದು ಗಂಟೆ ನೆನೆಸಿ ನೀರು ಬಸಿಯಿರಿ. ಸಣ್ಣಗೆ ಹೆಚ್ಚಿದ ಒಂದು ಸೌತೆಕಾಯಿ, ಎರಡು ಚಮಚೆ ತೆಂಗಿನ ತುರಿ, ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣಿನ ರಸ. ಉಪ್ಪನ್ನು ಮಾತ್ರ ಬಡಿಸುವ ಮುಂಚೆ ಹಾಕಬೇಕು. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ಹೋಗಿ ಸಾರಾಗುತ್ತದೆ. ಡಬ್ಬಿಗೆ ಒಯ್ಯುವವರು ಉಪ್ಪನ್ನು ಪೊಟ್ಟಣ ಕಟ್ಟಿ ಒಯ್ಯತಕ್ಕದ್ದು.

ಮೊಸರವಲಕ್ಕಿ: ಎರಡು ಬಟ್ಟಲು ಅವಲಕ್ಕಿಯನ್ನು ತೊಳೆದು, ಒಂದು ಬಟ್ಟಲು ಹಾಲು, ಎರಡೇ ಚಮಚೆ ಮೊಸರು, ಉಪ್ಪು, ತುರಿದ ಶುಂಠಿ ಸೇರಿಸಿಡಿ. ಪೂರಾ ಮೊಸರೇ ಹಾಕಿದರೆ ಮಧ್ಯಾಹ್ನಕ್ಕೆ ಹುಳಿ ತಲೆಗೇರುತ್ತದೆ. ಹಾಲಿಗೆ ಸ್ವಲ್ಪ ಮೊಸರು ಬಿಟ್ಟಿದ್ದರೆ ಊಟದ ಹೊತ್ತಿಗೆ ಅದು ಹದವಾಗಿ ಹೆಪ್ಪಾಗಿರುತ್ತದೆ. ಹಾಲನ್ನು ಮುಂಚೆಯೇ ಕಾಯಿಸಿ ಆರಿಸಿರಬೇಕು. ಅಷ್ಟು ಕೆಲಸವನ್ನು ಪಕ್ಕದ ಮನೆಯವರು ಮಾಡಿಕೊಟ್ಟರು.

ಇನ್ನು ಧಾರವಾಡದವರ ಸ್ವಂತ ಆಸ್ತಿಯಾದ ಖಡಕ್ ರೊಟ್ಟಿ. ಊರಿನಿಂದ ತಾಯಿ ಕಟ್ಟಿ ಕಳಿಸಿದ ಜೋಳದ ರೊಟ್ಟಿ ವಾರಗಟ್ಟಲೆ ಕೆಡದು. ಅದಕ್ಕೆ ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಹೆಚ್ಚಿದ ಮೆಂತ್ಯದ ಸೊಪ್ಪಿನ ಪಚಡಿ. ನಾವು ಐವರೂ ಸರದಿಯ ಡಬ್ಬಿಯನ್ನು ಅವಳಿಗೆ ಕೊಟ್ಟು, ಅವಳ ರೊಟ್ಟಿಯನ್ನು ಮುರಿದುಕೊಂಡು ತಿಂದೆವೆಂಬುದು ಲೆಕ್ಕಪತ್ರಕ್ಕೆ ಬಾರದ ವಿಷಯ. ಹೀಗೆ ನಾಲ್ಕು ತಿಂಗಳು ನಡೆಯಿತು. ಈಗ ಅವಳ ಮುಖದ ಉರಿ ಹೋಗಿದೆ. ಗೆರೆಗಳು ಇನ್ನೂ ಪೂರ್ತಿ ಹೋಗಿಲ್ಲ.

ಸ್ಟೀರಾಯ್ಡಿಗಿಂತ ಘೋರವಾದ ಇನ್ನೊಂದು ವಸ್ತುವಿದೆ; ಅದು ಪಾದರಸ. ನಮ್ಮ ದೇಶದ ೨೦೨೦ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಪಾದರಸವನ್ನು ಬೆರೆಸಕೂಡದು. ತಿಳಿಯದೆ ಸೇರಿದ್ದರೂ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗವನ್ನು ಮೀರಕೂಡದು. ಆದರೂ ಕಳ್ಳದಾರಿಯಿಂದ ಬರುವ ಬಿಳುಪಿನ ಕ್ರೀಮುಗಳಲ್ಲಿ ಅದು ಇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು ೨೦೨೧ರಿಂದ ೨೦೨೩ರವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ ೨೨ ರೋಗಿಗಳನ್ನು ಕಂಡರು. ಅವರಲ್ಲಿ ೧೫ ಮಂದಿಯ ಕಾಯಿಲೆ ಅಪರೂಪದ ಒಂದೇ ಜಾತಿಯದು. ಆ ೧೫ರಲ್ಲಿ ೧೩ ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಹಚ್ಚುವುದು ಕೆನ್ನೆಗೆ, ಕೆಡುವುದು ಮೂತ್ರಪಿಂಡ! ಇಷ್ಟೇ ಅಲ್ಲ. ಹಚ್ಚಿದವಳ ಟವಲು, ದಿಂಬು, ಕೈಗಳ ಮೂಲಕ ಪಾದರಸವು ಮನೆಯ ಮಗುವಿಗೂ ಸೋಕುತ್ತದೆ. ಗುರುತು ಹಿಡಿಯಲು ಒಂದು ಉಪಾಯ: ‘ಚಿನ್ನ, ಬೆಳ್ಳಿಯ ಒಡವೆಗಳಿಗೆ ತಾಗಿಸಬೇಡಿ’ ಎಂಬ ಎಚ್ಚರಿಕೆ ಕ್ರೀಮಿನ ಮೇಲಿದ್ದರೆ, ಅಥವಾ ಪಟ್ಟಿಯಲ್ಲಿ ‘ಮರ್ಕ್ಯುರಿ’, ‘ಮರ್ಕ್ಯುರಸ್’, ‘ಕ್ಯಾಲೋಮೆಲ್’ ಎಂಬ ಮಾತುಗಳು ಕಂಡರೆ, ಅದನ್ನು ಮುಟ್ಟಬೇಡಿರಿ. ಬಳೆಗೆ ಆಗದ್ದು ಕೆನ್ನೆಗೆ ಆದೀತೆ?

ಹಾಗಾದರೆ ಹೊಸದನ್ನು ಕೊಳ್ಳುವುದೇ ಬೇಡವೇ ಎಂದು ಕೇಳುವಿರಿ. ಬೇಕು. ಹೊಸ ಅಡುಗೆಯನ್ನು ಕಲಿಯುವ ಕ್ರಮದಲ್ಲೇ ಇದನ್ನೂ ಮಾಡಿರಿ.

ಮೊದಲನೆಯದು, ಸಾಮಾನಿನ ಪಟ್ಟಿ. ತಿನ್ನುವ ಪೊಟ್ಟಣದ ಮೇಲಿರಲಿ, ಹಚ್ಚುವ ಸೀಸೆಯ ಮೇಲಿರಲಿ, ಹೆಚ್ಚು ಇರುವ ಪದಾರ್ಥವನ್ನು ಮೊದಲು, ಕಡಿಮೆ ಇರುವುದನ್ನು ಕೊನೆಗೆ ಬರೆಯುವುದು ನಿಯಮ. ಬಾದಾಮಿಯ ಹೆಸರಿನಲ್ಲಿ ಮೆರೆಯುವ ಎಣ್ಣೆಯ ಪಟ್ಟಿಯಲ್ಲಿ ಬಾದಾಮಿ ಕೊನೆಯ ಸಾಲಿನಲ್ಲಿದ್ದರೆ ಎಷ್ಟು ಬಾದಾಮಿ ಎಂದು ನೀವೇ ಊಹಿಸಬಹುದು. ತಯಾರಕರ ಹೆಸರು, ವಿಳಾಸ, ತಂಡದ ಸಂಖ್ಯೆ, ಲೈಸೆನ್ಸಿನ ಸಂಖ್ಯೆ, ಬಳಸಲು ಕೊನೆಯ ತಾರೀಖು ಇವಿಷ್ಟೂ ಇರಬೇಕು. ವಿದೇಶದ ಮಾಲಾದರೆ ತರಿಸಿದವರ ಹೆಸರೂ ನೋಂದಣಿಯ ಸಂಖ್ಯೆಯೂ ಇರಬೇಕು. ಇವಿಲ್ಲದ ಸೀಸೆಯು ಸಹಿಯಿಲ್ಲದ ಅರ್ಜಿಯಿದ್ದಂತೆ. ಒಳಗಿನ ಒಕ್ಕಣೆ ಎಷ್ಟೇ ಚೆನ್ನಾಗಿರಲಿ, ವಾಪಸು ಕಳಿಸಿರಿ.

ಎರಡನೆಯದು, ರುಚಿ ನೋಡುವುದು. ಹುಳಿಯನ್ನು ಎಲೆಗೆ ಬಡಿಸುವ ಮುನ್ನ ಅಂಗೈಗೆ ಒಂದು ತೊಟ್ಟು ಹಾಕಿಕೊಳ್ಳುತ್ತೇವಲ್ಲವೆ? ಹಾಗೆಯೇ ಹೊಸ ಕ್ರೀಮನ್ನು ಮೊಣಕೈಯ ಒಳಮಡಿಕೆಯಲ್ಲಿ ಕಾಸಿನಗಲ ಹಚ್ಚಿ ಎರಡು ದಿನ ಕಾಯಬೇಕು. ತುರಿಕೆ, ಕೆಂಪು, ಉರಿ ಕಂಡರೆ ಬಿಟ್ಟುಬಿಡಿ. ಕೂದಲಿನ ಬಣ್ಣದ ವಿಷಯದಲ್ಲಂತೂ ಇದನ್ನು ಪ್ರತಿ ಸಲವೂ ಮಾಡತಕ್ಕದ್ದು. ಹತ್ತು ವರ್ಷ ಒಗ್ಗಿದ ಬಣ್ಣವೂ ಹನ್ನೊಂದನೆಯ ವರ್ಷ ಒಗ್ಗದೆ ಹೋಗಬಹುದು. ಅಂಟಿಸುವ ಬಿಂದಿಯ ಕೆಳಗೆ ತುರಿಕೆಯೋ ಬಿಳಿಯ ಮಚ್ಚೆಯೋ ಕಂಡರೆ ಅದು ಅಂಟಿನ ದೋಷವಿರಬಹುದು. ಕೂಡಲೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮೂರನೆಯದು, ಒಮ್ಮೆಗೆ ಒಂದೇ. ಒಂದೇ ದಿನ ಹೊಸ ಪುಡಿ, ಹೊಸ ಎಣ್ಣೆ, ಹೊಸ ಬೇಳೆ ಹಾಕಿ ಸಾರು ಕೆಟ್ಟರೆ ಯಾವುದನ್ನು ಬೈಯುವುದು? ಒಂದು ಹೊಸ ಸಾಮಾನಿಗೂ ಇನ್ನೊಂದಕ್ಕೂ ಎರಡು ವಾರದ ಅಂತರವಿರಲಿ.

ನಾಲ್ಕನೆಯದು, ಬೆಲೆಗೆ ಬೆರಗಾಗಬೇಡಿ. ಬಿಸಿಲು ತಡೆಯುವ ಕ್ರೀಮಿನ ಮೇಲೆ ಎಸ್.ಪಿ.ಎಫ್. ಎಂಬ ಅಂಕಿಯಿರುತ್ತದೆ. ೩೦ ಎಂದಿದ್ದರೆ ಸುಡುವ ಕಿರಣಗಳಲ್ಲಿ ನೂರಕ್ಕೆ ಸುಮಾರು ೯೭ ಪಾಲನ್ನು ತಡೆಯುತ್ತದೆ. ೫೦ ಎಂದಿದ್ದರೆ ಸುಮಾರು ೯೮. ಆ ಒಂದು ಪಾಲಿಗಾಗಿ ಎಷ್ಟು ಹೆಚ್ಚು ಕೊಡಬೇಕೆಂಬುದನ್ನು ನಿಮ್ಮ ಕೈಚೀಲವೇ ತೀರ್ಮಾನಿಸಲಿ. ಜಿಪುಣತನದಿಂದ ಬಟಾಣಿಯಷ್ಟು ಹಚ್ಚಿದರೆ ಎರಡೂ ವ್ಯರ್ಥ.

ಇಲ್ಲಿ ಒಂದು ಮಾತು. ‘ಅಂಗಡಿಯದು ಬೇಡ, ಅಡುಗೆಮನೆಯದೇ ಸಾಕು’ ಎಂದು ಹಟ ಹಿಡಿಯುವವರೂ ಉಂಟು. ತಿನ್ನಲು ಒಳ್ಳೆಯದೆಲ್ಲ ಹಚ್ಚಲು ಒಳ್ಳೆಯದಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಗುಳ್ಳೆಯೆದ್ದು ಕಪ್ಪು ಕಲೆ ಉಳಿಯುತ್ತದೆ. ನಮ್ಮ ಚರ್ಮಕ್ಕೆ ಸ್ವಭಾವತಃ ತುಸು ಹುಳಿಯ ಗುಣ. ಅಡುಗೆ ಸೋಡಾ ಅದಕ್ಕೆ ವಿರುದ್ಧವಾದ ಕ್ಷಾರ, ಉಜ್ಜಿದರೆ ಉರಿ ತಪ್ಪದು. ಮೊಡವೆಗೆ ಹಲ್ಲಿನ ಪೇಸ್ಟು ಮದ್ದಲ್ಲ. ಕಡಲೆಹಿಟ್ಟನ್ನು ಮೊಸರಿನಲ್ಲಿ ಕಲಸಿ ಹಚ್ಚಿ ಒಣಗುವ ಮುನ್ನ ತೊಳೆದರೆ ಬಹುಮಂದಿಗೆ ಬಾಧಕವಿಲ್ಲ; ಎಣ್ಣೆಜಿಡ್ಡು ಹೋಗುತ್ತದೆ, ಬಣ್ಣ ಬದಲಾಗುವುದಿಲ್ಲ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ಹಿರಿಯರ ಪದ್ಧತಿಯನ್ನು ಮಾತ್ರ ಪ್ರಯೋಗಶಾಲೆಯವರೂ ಒಪ್ಪಿದ್ದಾರೆ. ಅದು ಕೂದಲಿನೊಳಕ್ಕೆ ಇಳಿದು, ತೊಳೆಯುವಾಗ ಕೂದಲು ಸವೆಯುವುದನ್ನು ತಗ್ಗಿಸುತ್ತದೆ.

ಹೆಸರಿಲ್ಲದ ಡಬ್ಬಿಯಿಂದ ತೊಂದರೆಯಾದವರು ನಾಚಿ ಮೂಲೆ ಸೇರಬೇಕಾಗಿಲ್ಲ. ಡಬ್ಬಿಯನ್ನು ಎಸೆಯದೆ ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಿರಿ. ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ ಬರೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫. ಅರ್ಜಿಯನ್ನು ಹೇಗೆ ಬರೆಯಬೇಕೆಂದು ತಿಳಿಯದಿದ್ದರೆ ಈ ಅಂಕಣಕ್ಕೆ ಬರೆಯಿರಿ. ಅರ್ಜಿ ಬರೆಯುವುದು ನಮಗೆ ಬರುವ ಕೆಲವೇ ವಿದ್ಯೆಗಳಲ್ಲಿ ಒಂದು.

ಕೊನೆಯದಾಗಿ ಒಂದು ವಿಜ್ಞಾಪನೆ. ಇದು ಹೆಣ್ಣುಮಕ್ಕಳಿಗಲ್ಲ, ಅವರನ್ನು ನೋಡಲು ಹೋಗುವವರಿಗೆ. ಚರ್ಮದ ಕಪ್ಪು ಎಂಬುದು ಮೆಲನಿನ್ ಎಂಬ ವರ್ಣದ್ರವ್ಯ. ಬಿಸಿಲಿನಿಂದ ನಮ್ಮನ್ನು ಕಾಯಲು ಪ್ರಕೃತಿ ಹಿಡಿದ ಕೊಡೆ ಅದು. ಹುಟ್ಟಿನಿಂದ ಬಂದ ಬಣ್ಣವನ್ನು ನಿರಪಾಯವಾಗಿ ಬದಲಾಯಿಸುವ ಕ್ರೀಮು ಯಾವ ಅಂಗಡಿಯಲ್ಲೂ ಇಲ್ಲ. ಆ ಡಬ್ಬಿಗೆ ಗಿರಾಕಿಯನ್ನು ಕಳಿಸಿದ್ದು ‘ಬಣ್ಣ ಒಂದ್ ಸ್ವಲ್ಪ ಕಡಿಮಿ’ ಎಂಬ ಮಾತು. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾದರೆ ಹಾಕಿಕೊಳ್ಳಬಹುದು. ಈ ಮಾತನ್ನು ಕೇಳಿದ ಹುಡುಗಿ ಏನನ್ನು ಹಾಕಿಕೊಳ್ಳಬೇಕು?

ನಮ್ಮ ಈ ಪತ್ರಿಕೆಯ ವಧೂವರರ ಪುಟದಲ್ಲಿಯೂ ಓದು, ನೌಕರಿ, ಎತ್ತರಗಳ ಜತೆಗೆ ಬಣ್ಣಕ್ಕೊಂದು ಸಾಲಿದೆ. ‘ಗೋದಿ ಬಣ್ಣ’, ‘ಎಣ್ಣೆಗೆಂಪು’, ‘ಬೆಳ್ಳಗೆ’ ಎಂದು ತಾಯಿತಂದೆಗಳು ಕಷ್ಟಪಟ್ಟು ತುಂಬುತ್ತಾರೆ. ಮುಂದಿನ ಸಂಚಿಕೆಯಿಂದ ಆ ಸಾಲನ್ನು ತೆಗೆದು, ಅಲ್ಲಿ ‘ಮಾಡಲು ಬರುವ ಒಂದು ಅಡುಗೆ’ ಎಂದು ವಧುವಿಗೂ ವರನಿಗೂ ಸಮನಾಗಿ ಕೇಳಬೇಕೆಂದು ಸಂಪಾದಕರಲ್ಲಿ ನಮ್ಮ ಕೋರಿಕೆ. ಈ ಪರಿಚ್ಛೇದವನ್ನು ಅವರು ಕತ್ತರಿಸದೆ ಅಚ್ಚು ಹಾಕಿದ್ದರೆ ಅರ್ಧ ಒಪ್ಪಿದ್ದಾರೆಂದೇ ನಾವು ತಿಳಿಯುತ್ತೇವೆ. ಉಳಿದರ್ಧಕ್ಕೆ ವಾಚಕರು ಒಂದೊಂದು ಕಾರ್ಡು ಬರೆದು ಒತ್ತಾಯಿಸಬೇಕು.

ಒಲೆ ಹಚ್ಚದೆ ನಿಮ್ಮ ಕಡೆ ಮಾಡುವ ಅಡುಗೆಗಳನ್ನೂ ಬರೆದು ಕಳಿಸಿರಿ. ಮಂಗಳೂರು, ಬೆಳಗಾವಿ, ಕಲಬುರ್ಗಿ, ಕೊಡಗು ಯಾವ ಕಡೆಯದಾದರೂ ಸರಿಯೆ. ಅಳತೆಯನ್ನು ಮಾತ್ರ ಬಟ್ಟಲು, ಚಮಚೆಗಳಲ್ಲಿ ಸ್ಪಷ್ಟವಾಗಿ ಬರೆಯಿರಿ. ‘ಬೇಕಾದಷ್ಟು’ ಎಂದು ಬರೆದ ಪತ್ರಗಳನ್ನು ವಿವರಣೆ ಕೋರಿ ಹಿಂದಿರುಗಿಸಲಾಗುವುದು.